ಐದು ಗ್ರಾಂ ಸರಕಿನ ಹಿಂದಿನ ಲೆಕ್ಕ

ಅಬಲೂರಿನ ಸುತ್ತಮುತ್ತ ಗೋವಿನಜೋಳ ಬೆಳೆಯುವ ರೈತರಿಗೆ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಹೆಸರು ಹೊಸದಲ್ಲ. 2018ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿಯೇ ಮೊದಲು ಕಾಣಿಸಿಕೊಂಡ ತರುವಾಯ ಈ ಕೀಟನಾಶಕ ನಮ್ಮ ಪರಿಕರ ವ್ಯಾಪಾರಿಗಳ ಅಂಗಡಿಗಳಲ್ಲಿ ಕಾಯಂ ಸ್ಥಾನ ಪಡೆದಿದೆ. ಶೇ. 5ರ ಹರಳಿನ 100 ಗ್ರಾಂ ಪೊಟ್ಟಣದಲ್ಲಿ ಮೂಲ ಔಷಧ 5 ಗ್ರಾಂ ಮಾತ್ರ. ಉಳಿದುದು ಪೂರಕ ಸಾಮಗ್ರಿ. ವರ್ತಕನ ಲಾಭವಿರುವುದು ಪೊಟ್ಟಣದ ಮೇಲೆ. ಆದರೆ ಮೌಲ್ಯ ಹುಟ್ಟಿದ್ದು ಆ 5 ಗ್ರಾಂನಲ್ಲಿ.

ಅದನ್ನು ಹುಟ್ಟಿಸಿದುದು ಸ್ಟ್ರೆಪ್ಟೊಮೈಸಿಸ್ ಅವರ್ಮಿಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದರೊಳಗಿನ ಬೃಹತ್ ಕಿಣ್ವಗಳ ರಚನೆ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಪರಿಚಿತವೆನಿಸುವಂಥದು. ನಾಲ್ಕು ಪ್ರೋಟೀನುಗಳಲ್ಲಿ ಹಂಚಿಹೋದ 12 ಘಟಕಗಳು ಸಾಲಾಗಿ ನಿಂತಿವೆ. ಪ್ರತಿ ಘಟಕದಲ್ಲಿ ಒಂದು ಭಾಗ ಎರಡು ಅಥವಾ ಮೂರು ಇಂಗಾಲದ ತುಣುಕನ್ನು ಆರಿಸುತ್ತದೆ, ಇನ್ನೊಂದು ಅದನ್ನು ಬೆಳೆಯುತ್ತಿರುವ ಸರಪಳಿಗೆ ಬೆಸೆಯುತ್ತದೆ, ಮತ್ತೊಂದು ಅದನ್ನು ಹಿಡಿದು ಮುಂದಿನ ಘಟಕಕ್ಕೆ ದಾಟಿಸುತ್ತದೆ. ಕೊನೆಯ ಭಾಗ ಸರಪಳಿಯನ್ನು ಕತ್ತರಿಸಿ ಬಳೆಯಂತೆ ಮುಚ್ಚುತ್ತದೆ. ಬಳಿಕ ಬೇರೆ ಕಿಣ್ವಗಳು ಎರಡು ಸಕ್ಕರೆಗಳನ್ನು ತೊಡಿಸುತ್ತವೆ. ಹೀಗೆ ಸಿದ್ಧವಾಗುವ ಅವರ್ಮೆಕ್ಟಿನ್ ಅನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಮಾರ್ಪಡಿಸಿದರೆ ಎಮಾಮೆಕ್ಟಿನ್. ಘಟಕಗಳ ಅನುಕ್ರಮ ಬದಲಾದರೆ ಸರಕೇ ಬದಲಾಗುತ್ತದೆ. ಇದೇ ಜೀವಿಯ ಸಂಪೂರ್ಣ ಜೀನೋಮನ್ನು 2003ರಲ್ಲಿ ಪ್ರಕಟಿಸಿದಾಗ ಇಂತಹ ಕನಿಷ್ಠ 30 ಜೀನ್ ಗುಚ್ಛಗಳು ಕಂಡುಬಂದವು. ಪ್ರಯೋಗಾಲಯದಲ್ಲಿ ಅವುಗಳಲ್ಲಿ ಅನೇಕವು ಮೌನವಾಗಿಯೇ ಇರುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಬಳಕೆಯಾಗದ ಸ್ಥಾಪಿತ ಸಾಮರ್ಥ್ಯ!

ಈ ಬ್ಯಾಕ್ಟೀರಿಯಾವನ್ನು ಜಪಾನಿನ ಮಣ್ಣಿನಿಂದ ಪ್ರತ್ಯೇಕಿಸಿದವರು ಕಿಟಸಾಟೊ ಸಂಸ್ಥೆಯ ಸತೋಶಿ ಒಮುರಾ. 2015ರಲ್ಲಿ ಅವರಿಗೆ ನೊಬೆಲ್ ಬಂದಿತು. ನನ್ನ ಗಮನ ಸೆಳೆದುದು ಪ್ರಶಸ್ತಿಗಿಂತ 1973ರ ಕರಾರು. ಅಮೆರಿಕದ ಮರ್ಕ್ ಕಂಪನಿಯೊಂದಿಗೆ ಮಾಡಿಕೊಂಡ ಆ ಒಪ್ಪಂದದ ಮೂಲಕ ಸಂಸ್ಥೆಗೆ ರಾಯಧನ ದೊರೆಯಿತು. ಅದರಿಂದ ಆಸ್ಪತ್ರೆಯೊಂದು ಎದ್ದಿತು. ಮಣ್ಣಿನ ಹಿಡಿ ಕೊಟ್ಟು ಸುಮ್ಮನೆ ಕುಳಿತಿದ್ದರೆ ಆ ಆಸ್ಪತ್ರೆ ಏಳುತ್ತಿತ್ತೆ?

ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಾಣುಜೀವಿಗಳನ್ನೂ ಜೈವಿಕ ಸಂಪನ್ಮೂಲವೆಂದು ಪರಿಗಣಿಸುತ್ತದೆ. ಮೌಲ್ಯವರ್ಧಿತ ಉತ್ಪನ್ನಗಳನ್ನು ಹೊರಗಿಡುತ್ತದೆ. ಎಂದರೆ ಲಾಭಾಂಶದ ಮಾತೆತ್ತಬೇಕಾದುದು ಬ್ಯಾಕ್ಟೀರಿಯಾ ಕೈಬದಲಾಗುವ ಹೊತ್ತಿನಲ್ಲಿ, ಪೊಟ್ಟಣ ಅಂಗಡಿಗೆ ಬಂದ ಮೇಲಲ್ಲ. ಜೈವಿಕ ಗೊಬ್ಬರ, ಜೈವಿಕ ಕೀಟನಾಶಕ ತಯಾರಿಸುವ ಸಣ್ಣ ಘಟಕಗಳು ಈ ಭೇದವನ್ನು ಅರಿತಿರಲೇಬೇಕು. ಹನುಮನಮಟ್ಟಿಯ ಕೃಷಿ ಮಹಾವಿದ್ಯಾಲಯ ನಮ್ಮ ಜಿಲ್ಲೆಯಲ್ಲಿಯೇ ಇದೆ. ಮಣ್ಣಿನ ಮಾದರಿ, ಬೇರ್ಪಡಿಸಿದ ತಳಿ, ರಾಯಧನ ಇವುಗಳ ಬಗೆಗೆ ಅಲ್ಲಿಯ ತಜ್ಞರೊಡನೆ ಸಮಾಲೋಚಿಸಿ ನಮ್ಮ ಸಂಸ್ಥೆಯು ಒಂದು ಮಾದರಿ ಕರಾರುಪತ್ರ ಸಿದ್ಧಪಡಿಸುವುದು ಯೋಗ್ಯ. ಲೆಕ್ಕಪತ್ರದ ಭಾಗದ ಕರಡನ್ನು ಶುಲ್ಕವಿಲ್ಲದೆ ಬರೆದುಕೊಡಲು ನಾನು ಸಿದ್ಧನಿದ್ದೇನೆ.