ಹಾಜರಿ ಪುಸ್ತಕದಲ್ಲಿ ಸಿಗದ ದುಡಿಮೆ

ನಾನು ಮೇಷ್ಟರಾಗಿದ್ದಾಗ, ಶಾಲೆಗೆ ಬಂದ ಇನ್‌ಸ್ಪೆಕ್ಟರರು ಮೊದಲು ಕೇಳುತ್ತಿದ್ದುದು ಹಾಜರಿ ಪುಸ್ತಕವನ್ನು. ಹಾಜರಿ ಕಡಮೆಯಾದರೆ ಮೇಷ್ಟರಿಗೆ ಮೆಮೋ. ಪರಿಣಾಮವೇನಾಯಿತು? ಪುಸ್ತಕದಲ್ಲಿ ಮಕ್ಕಳು ಹೆಚ್ಚಿದರು, ತರಗತಿಯಲ್ಲಿ ಹೆಚ್ಚಲಿಲ್ಲ. ಕೂಲಿಗೆ ಹೋದ ಹುಡುಗನ ಮನೆಗೆ ಸಂಜೆ ನಡೆದುಹೋಗಿ, ಅವನ ತಂದೆಯನ್ನು ಒಪ್ಪಿಸಿ ಕರೆತಂದ ಮೇಷ್ಟರ ಶ್ರಮಕ್ಕೆ ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಕಂಪ್ಯೂಟರಿನ ಲೋಕದಲ್ಲೂ ಇಂದು ಇದೇ ಕಥೆ. ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಮೇಲೆ ಇಂಟರ್‌ನೆಟ್ಟಿನ ಬಹುಭಾಗ ನಿಂತಿದೆ. ಅದನ್ನು ಕಟ್ಟಿದವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು. ಅವರ ದುಡಿಮೆಯನ್ನು ಅಳೆಯುವ ಸುಲಭದ ದಾರಿ, ಯಾರು ಎಷ್ಟು ತಿದ್ದುಪಡಿ ಕಳಿಸಿದರೆಂದು ಎಣಿಸುವುದು. ಗಿಟ್‌ಹಬ್ ತಾಣದಲ್ಲಿ ಪ್ರತಿಯೊಬ್ಬರ ಹೆಸರಿನ ಜೊತೆಗೂ ದಿನಕ್ಕೊಂದು ಚೌಕವುಂಟು. ಕೆಲಸ ದಾಖಲಾದ ದಿನ ಅದು ಹಸಿರಾಗುತ್ತದೆ.

ಎಣಿಕೆಗೆ ಬಹುಮಾನ ಕಟ್ಟಿದರೆ ಏನಾಗುವುದೆಂಬುದು 2020ರ ಅಕ್ಟೋಬರಿನಲ್ಲಿ ತಿಳಿಯಿತು. ಡಿಜಿಟಲ್ ಓಷನ್ ಕಂಪೆನಿಯು ತನ್ನ ಹ್ಯಾಕ್ಟೋಬರ್‌ಫೆಸ್ಟ್ ಉತ್ಸವದಲ್ಲಿ, ನಾಲ್ಕು ತಿದ್ದುಪಡಿ ಕಳಿಸಿದ ಮೊದಲ 70,000 ಮಂದಿಗೆ ಟೀ ಶರಟು ಕೊಡುವುದಾಗಿ ಸಾರಿತು. ಶರಟಿನ ಆಸೆಗೆ ಜನ ಮುಗಿಬಿದ್ದರು. ಎಲ್ಲೋ ಒಂದು ಪದ ಸೇರಿಸಿ ಕಳಿಸಿದ ಪೊಳ್ಳು ತಿದ್ದುಪಡಿಗಳ ರಾಶಿಯೇ ಬಂದು ಬಿತ್ತು. ಅದನ್ನೆಲ್ಲ ಓದಿ ಗುಡಿಸಿ ಹಾಕಿದವರು ಯಾರು? ಅದೇ ಸಂಬಳವಿಲ್ಲದ ಪಾಲಕರು! ಒಪ್ಪಿಗೆ ಕೊಟ್ಟ ಯೋಜನೆಗಳು ಮಾತ್ರ ಲೆಕ್ಕಕ್ಕೆ ಎಂದು ಕೆಲವೇ ದಿನಗಳಲ್ಲಿ ನಿಯಮವನ್ನು ಬದಲಿಸಬೇಕಾಯಿತು.

ಇನ್ನೊಂದು ನಿದರ್ಶನ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತಮ್ಮ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುವುದನ್ನು ಕಂಡರು. ಬೆನ್ನುಹತ್ತಿ ಹುಡುಕಿದಾಗ ಎಕ್ಸ್‌ಝಡ್ ಎಂಬ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದುದು ಬಯಲಾಯಿತು. ಇಟ್ಟವನ ದಾಖಲೆ ಚೊಕ್ಕವಾಗಿತ್ತು. ಎರಡು ವರ್ಷಕ್ಕೂ ಮೇಲ್ಪಟ್ಟು ತಿದ್ದುಪಡಿ ಕಳಿಸುತ್ತ, ದಣಿದಿದ್ದ ಒಬ್ಬಂಟಿ ಪಾಲಕನ ನಂಬಿಕೆಯನ್ನು ಅವನು ಗಳಿಸಿದ್ದನು. ಎಣಿಕೆಯ ತಕ್ಕಡಿಯಲ್ಲಿ ಅವನೇ ಭಾರ! ಅರ್ಧ ಸೆಕೆಂಡಿನ ಬಗ್ಗೆ ಸಂಶಯಪಟ್ಟವರ ಶ್ರಮಕ್ಕೆ ಎಷ್ಟು ಚೌಕ ಹಸಿರು ಮಾಡೋಣ?

ಹಾಗಾದರೆ ಗುರುತಿಸುವುದೇ ಬೇಡವೇ? ಬೇಕು. ಗುರುತಿಸದ ದುಡಿಮೆ ಸುಲಿಗೆಗೆ ಹಾದಿ. ಲೋಕದ ಬ್ಯಾಂಕು, ಅಂಗಡಿಗಳ ಗುಟ್ಟು ಕಾಯುವ ಓಪನ್ ಎಸ್‌ಎಸ್‌ಎಲ್‌ನಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಕಂಡಾಗ ತಿಳಿದದ್ದೇನು? ಅದನ್ನು ನೋಡಿಕೊಳ್ಳುವ ಸಂಸ್ಥೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು! ಕೋಟಿ ಕೋಟಿ ಲಾಭ ತೆಗೆದವರು ಶಹಭಾಸ್ ಎಂದಿರಬಹುದು. ಶಹಭಾಸಿನಿಂದ ಒಲೆ ಉರಿಯುವುದಿಲ್ಲ.

ನ್ಯಾಯವಾದ ದಾರಿಯನ್ನು ಡೆಬಿಯನ್ ಬಳಗ ತೋರಿಸಿದೆ. 1993ರಲ್ಲಿ ಹುಟ್ಟಿದ ಈ ಬಳಗದ ಸದಸ್ಯರು ತಮ್ಮ ನಾಯಕನನ್ನು ವರ್ಷಕ್ಕೊಮ್ಮೆ ತಾವೇ ಚುನಾಯಿಸುತ್ತಾರೆ. 2010ರಲ್ಲಿ ಅವರು ಮತ ಹಾಕಿ ಒಂದು ನಿರ್ಣಯ ಮಾಡಿದರು: ತಂತ್ರಾಂಶದ ಕಟ್ಟು ಕಟ್ಟದೆ ಅನುವಾದ, ಕೈಪಿಡಿ ಮುಂತಾದ ಕೆಲಸ ಮಾಡುವವರೂ ಪೂರ್ಣ ಸದಸ್ಯರಾಗಬಹುದು. ಅವರಿಗೆ ದೊರೆತದ್ದು ಬಿಲ್ಲೆಯಲ್ಲ, ಮತ. ಗ್ನೋಮ್, ಫೈರ್‌ಫಾಕ್ಸ್‌ಗಳಿಗೆ ಕನ್ನಡ ಕಲಿಸಿದವರಲ್ಲೂ ಅನೇಕರು ಇಂಥ ಸ್ವಯಂಸೇವಕರೇ ಎಂಬುದನ್ನು ನಾವು ಮರೆಯಬಾರದು.

ಆದುದರಿಂದ ನಮ್ಮ ಮಾತು ಇಷ್ಟೆ. ದುಡಿಮೆಯ ಬೆಲೆಯನ್ನು ಜೊತೆಯಲ್ಲಿ ದುಡಿದವರು ಹೇಳಲಿ, ಯಂತ್ರದ ಎಣಿಕೆ ಹೇಳುವುದು ಬೇಡ. ದುಡಿದವನಿಗೆ ಸಭೆಯಲ್ಲಿ ಮತವಿರಲಿ. ಅವನ ಬೆವರಿನಿಂದ ಲಾಭ ತೆಗೆದ ಕಂಪೆನಿ ಅವನ ಅನ್ನಕ್ಕೂ ಪಾಲು ಕೊಡಲಿ. ಟೀ ಶರಟು ಆಮೇಲೆ ನೋಡೋಣ.