ತಲೆಗೆ ಏನೂ ಹೋಗುವುದಿಲ್ಲ ಎನ್ನುವ ಮುನ್ನ...

"ಅವನ ತಲೆಗೆ ಏನೂ ಹೋಗುವುದಿಲ್ಲ ಮಾಷ್ಟ್ರೇ, ಹುಟ್ಟಿನಿಂದಲೇ ಹಾಗೆ." ಹೆತ್ತವರ ಬಾಯಿಂದ ಈ ಮಾತು ಕೇಳದ ಅಧ್ಯಾಪಕರಿಲ್ಲ. ಸುಳ್ಳೇಕೆ ಹೇಳಲಿ, ಸ್ಟಾಫ್ ರೂಮಿನಲ್ಲಿ ಕುಳಿತು ನಾವೂ ಎಷ್ಟೋ ಸಲ ಇದೇ ಮಾತು ಆಡಿದ್ದೇವೆ. ಮಗುವಿನ ತಲೆಯೊಳಗೆ ಇಣುಕಿ ನೋಡಿ ಬಂದವರ ಹಾಗೆ! ಆದರೆ ನಿಜವಾಗಿಯೂ ತಲೆಯೊಳಗೆ ನೋಡಿದ ವಿಜ್ಞಾನಿಯೊಬ್ಬರಿದ್ದರು. ಅವರು ಕಂಡದ್ದನ್ನು ತಿಳಿದರೆ ನಮ್ಮ ನಾಲಿಗೆ ಸ್ವಲ್ಪ ತಡೆದೀತು.

ಅವರ ಹೆಸರು ಎಲಿನಾರ್ ಮ್ಯಾಗ್ವೈರ್. 1970ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವರು. ಮನಃಶಾಸ್ತ್ರ ಓದಿ, ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆದುಳಿನ ಚಿತ್ರ ತೆಗೆದು ನೆನಪಿನ ಶಕ್ತಿಯನ್ನು ಅಧ್ಯಯನ ಮಾಡಿದರು. ತಮಾಷೆಯೆಂದರೆ, ಸ್ವತಃ ಅವರಿಗೆ ದಾರಿ ತಪ್ಪುವುದೇ ಅಭ್ಯಾಸವಂತೆ. ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಅಂಥವರು ಅಧ್ಯಯನಕ್ಕೆ ಆರಿಸಿಕೊಂಡದ್ದು ದಾರಿ ತಪ್ಪದ ಲಂಡನ್ನಿನ ಟ್ಯಾಕ್ಸಿ ಚಾಲಕರನ್ನು!

ಅಲ್ಲಿ ಟ್ಯಾಕ್ಸಿ ಪರವಾನಗಿ ಸುಲಭದಲ್ಲಿ ಸಿಗುವುದಿಲ್ಲ. ಚೇರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಪಾಠವಾಗಿರಬೇಕು. ಇಲ್ಲಿಂದ ಅಲ್ಲಿಗೆ ಹೇಗೆ ಹೋಗುತ್ತೀ ಎಂದು ಪರೀಕ್ಷಕರು ಕೇಳಿದರೆ, ನಕಾಶೆ ನೋಡದೆ ಬೀದಿ ಬೀದಿಯ ಹೆಸರು ಹೇಳಬೇಕು. ಇದನ್ನು ಕಲಿಯಲು ಮೂರು ನಾಲ್ಕು ವರ್ಷ ಬೇಕು.

2000ನೇ ಇಸವಿಯಲ್ಲಿ ಮ್ಯಾಗ್ವೈರ್ ಮತ್ತು ಸಂಗಡಿಗರು ಇಂತಹ 16 ಚಾಲಕರ ಎಂ.ಆರ್.ಐ. ಚಿತ್ರಗಳನ್ನು ಇತರರ ಚಿತ್ರಗಳೊಂದಿಗೆ ಹೋಲಿಸಿ ನೋಡಿದರು. ಮೆದುಳಿನ ಒಳಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ನೆನಪಿಗೂ ದಾರಿಯ ತಿಳಿವಳಿಕೆಗೂ ಅದು ಬೇಕೇ ಬೇಕು. ಅದರ ಹಿಂಬದಿ ಚಾಲಕರಲ್ಲಿ ದೊಡ್ಡದಾಗಿತ್ತು. ಹೆಚ್ಚು ವರ್ಷ ಟ್ಯಾಕ್ಸಿ ಓಡಿಸಿದವರಲ್ಲಿ ಇನ್ನೂ ದೊಡ್ಡದು!

ಈಗ ನೀವು ಕೇಳಬಹುದು: ಹುಟ್ಟಿನಿಂದಲೇ ಅಂಥ ಮೆದುಳಿದ್ದವರು ಈ ಕೆಲಸಕ್ಕೆ ಬಂದರೋ, ಅಥವಾ ಕೆಲಸವೇ ಮೆದುಳನ್ನು ಹಾಗೆ ಮಾಡಿತೋ? ಮ್ಯಾಗ್ವೈರ್ ಕೂಡ ಈ ಪ್ರಶ್ನೆಯನ್ನು ಬಿಡಲಿಲ್ಲ. ಕಲಿಯಲು ಆಗಷ್ಟೇ ಸೇರಿದ 79 ಮಂದಿಯನ್ನು ಮೊದಲೇ ಪರೀಕ್ಷಿಸಿ, ವರ್ಷಗಳ ನಂತರ ಮತ್ತೆ ನೋಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 39 ಮಂದಿ ಪಾಸಾಗಿದ್ದರು. ಅವರ ಹಿಪ್ಪೊಕ್ಯಾಂಪಸ್‌ನ ಹಿಂಬದಿ ಬೆಳೆದಿತ್ತು. ಪಾಸಾಗದವರಲ್ಲಿ ಆ ಬೆಳವಣಿಗೆ ಇರಲಿಲ್ಲ. ಆದರೆ ಮುಖ್ಯ ಮಾತು ಇದು: ಮೊದಲ ದಿನದ ಚಿತ್ರಗಳಲ್ಲಿ ಈ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಂಡಿರಲಿಲ್ಲ!

ಅಂದರೆ, ಅಷ್ಟು ದೊಡ್ಡ ಯಂತ್ರಕ್ಕೂ ಮೊದಲ ದಿನ ಯಾರು ಗೆಲ್ಲುತ್ತಾರೆಂದು ಗೊತ್ತಾಗಲಿಲ್ಲ. ಜೂನ್ ತಿಂಗಳ ಮೊದಲ ವಾರದಲ್ಲೇ ನಮಗೆ ಹೇಗೆ ಗೊತ್ತಾಗಿಬಿಡುತ್ತದೆ?

2006ರ ಇನ್ನೊಂದು ಅಧ್ಯಯನದಲ್ಲಿ ಅವರು ಟ್ಯಾಕ್ಸಿ ಚಾಲಕರನ್ನು ಬಸ್ ಚಾಲಕರೊಂದಿಗೆ ಹೋಲಿಸಿದರು. ಊರು ಅದೇ, ಚಾಲನೆಯ ಅನುಭವವೂ ಅಷ್ಟೇ. ಆದರೆ ಬಸ್ಸಿನವರದು ನಿಗದಿಯಾದ ದಾರಿ. ಅವರಲ್ಲಿ ಟ್ಯಾಕ್ಸಿಯವರಂತಹ ಬೆಳವಣಿಗೆ ಕಾಣಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗೈಡ್ ಪುಸ್ತಕಗಳು. ಅದೇ ಪ್ರಶ್ನೆ, ಅದೇ ಉತ್ತರ, ನಿತ್ಯದ ಬಸ್ ರೂಟು! ಮಗು ತಾನೇ ದಾರಿ ಹುಡುಕುವ ಒಂದು ಲೆಕ್ಕ, ತನ್ನ ಮಾತಿನಲ್ಲೇ ಬರೆಯುವ ಒಂದು ಪುಟ ದಿನಕ್ಕೊಂದಾದರೂ ಇರಬೇಡವೇ? ಇದು ಅವರ ಸಂಶೋಧನೆಯ ತೀರ್ಮಾನವಲ್ಲ, ಒಬ್ಬ ಮಾಷ್ಟ್ರ ಅಭಿಪ್ರಾಯ ಅಷ್ಟೆ.

ಉತ್ಪ್ರೇಕ್ಷೆಯೂ ಬೇಡ. ಅವರು ನೋಡಿದ್ದು ವಯಸ್ಕರನ್ನು, ಮಕ್ಕಳನ್ನಲ್ಲ. ಕಷ್ಟಪಟ್ಟವರೆಲ್ಲ ಗೆದ್ದರು ಎಂದೂ ಅಲ್ಲ. ಹುಟ್ಟುಗುಣದ ಪಾಲು ಏನೂ ಇಲ್ಲವೆಂದು ಅವರು ಹೇಳಿಲ್ಲ. ಟ್ಯಾಕ್ಸಿ ಚಾಲಕರು ಹೊಸ ಚಿತ್ರವೊಂದನ್ನು ನೋಡಿ ನೆನಪಿಡುವ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದನ್ನೂ ಮುಚ್ಚಿಡಲಿಲ್ಲ. 'ಹತ್ತೇ ದಿನದಲ್ಲಿ ಮೆದುಳು ಚುರುಕು' ಎಂದು ಕರಪತ್ರ ಹಂಚಿ ಹಣ ಕೀಳುವವರಿಗೂ ವಿಜ್ಞಾನಿಗೂ ಇರುವ ವ್ಯತ್ಯಾಸ ಇದೇ. ಇಲ್ಲಿ ಹತ್ತು ದಿನದ ಮಾತಿಲ್ಲ, ವರ್ಷಗಳ ಮಾತು.

ಮ್ಯಾಗ್ವೈರ್ 2025ರ ಜನವರಿಯಲ್ಲಿ ತೀರಿಕೊಂಡರು. ವಯಸ್ಸು ಕೇವಲ 54. ಮುಂದಿನ ಪಿ.ಟಿ.ಎ. ಸಭೆಯಲ್ಲಿ ಯಾರಾದರೂ "ಇವನ ತಲೆಗೆ ಹೋಗುವುದಿಲ್ಲ" ಎಂದರೆ ಅವರ ಟ್ಯಾಕ್ಸಿ ಚಾಲಕರ ಕಥೆ ಹೇಳಿ. ನಾವೇ ಹಾಗೆ ಹೇಳಹೊರಟರೆ ನಮಗೆ ನಾವೇ ಹೇಳಿಕೊಳ್ಳೋಣ.