ಒಳ್ಳೆಯ ಮೀನು ಟಾಕೊ ಎಂದರೆ ಯಾವುದು?

ನಮ್ಮ ಈ ಪುಟ್ಟ ಪತ್ರಿಕೆಯಲ್ಲಿ ಲಾಸ್ ಏಂಜಲೀಸ್ ನಗರದ ಹೋಟೆಲುಗಳ ಪ್ರಸ್ತಾಪವೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮಗಳ ಮನೆಗೆಂದು ಹೋಗಿ ಆ ಮಹಾನಗರದಲ್ಲಿ ಎರಡು ತಿಂಗಳು ಕಳೆದ ನಾನು, ಅಲ್ಲಿನ ಒಂದು ತಿನಿಸನ್ನು ಹುಡುಕುತ್ತ ಹೊರಟು, ಕೊನೆಗೆ ಕಡಲು, ಬಲೆ, ಬೀಜ ಮತ್ತು ಕಾನೂನಿನ ವಿಚಾರಕ್ಕೆ ಬಂದು ನಿಂತೆ. ಆ ಹುಡುಕಾಟದ ಫಲವನ್ನು ಹೊಳೆದಂಡೆಯ ಊರುಗಳ ಜನರೊಡನೆಯೂ ವಿದ್ಯಾರ್ಥಿಗಳೊಡನೆಯೂ ಹಂಚಿಕೊಳ್ಳುವುದು ಉಚಿತವೆಂದು ತೋರಿತು.

ಮೊದಲಿಗೆ ತಿನಿಸಿನ ಪರಿಚಯ. ಮುಸುಕಿನ ಜೋಳದ ಹಿಟ್ಟಿನಿಂದ ತಟ್ಟಿದ, ಅಂಗೈಗಿಂತ ತುಸು ದೊಡ್ಡದಾದ ತೆಳು ರೊಟ್ಟಿಗೆ ಮೆಕ್ಸಿಕೊ ದೇಶದಲ್ಲಿ ಟೋರ್ಟಿಯಾ ಎನ್ನುತ್ತಾರೆ. ಅದರ ಮೇಲೆ ಪಲ್ಯವನ್ನೋ ಮಾಂಸವನ್ನೋ ಇಟ್ಟು ಮಡಚಿದರೆ ಅದು ಟಾಕೊ. ಮೀನಿನ ಟಾಕೊ ಪ್ರಸಿದ್ಧವಾದದ್ದು ಬಾಹಾ ಕ್ಯಾಲಿಫೋರ್ನಿಯಾ ಎಂಬ ಮೆಕ್ಸಿಕೊದ ಉದ್ದನೆಯ ಪರ್ಯಾಯದ್ವೀಪದಲ್ಲಿ. ಅಲ್ಲಿನ ಎನ್ಸೆನಾಡ ಮತ್ತು ಸಾನ್ ಫೆಲಿಪೆ ಎಂಬ ಬಂದರುಗಳ ಬೀದಿಗಳಲ್ಲಿ, ನಾವು ಬೋಂಡಕ್ಕೆ ಕಲಸುವಂತೆ ಗೋಧಿಹಿಟ್ಟನ್ನು ಕಲಸಿ, ಮೀನಿನ ತುಂಡುಗಳನ್ನು ಅದರಲ್ಲಿ ಅದ್ದಿ ಕರಿಯುತ್ತಾರೆ. ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು, ಬಿಳಿಯ ತೆಳು ಸಾಸ್, ಖಾರದ ಚಟ್ನಿ, ಮೇಲೊಂದಿಷ್ಟು ನಿಂಬೆರಸ. ಇಷ್ಟೇ. ಬಂದರಿನ ಕೂಲಿಕಾರರು ನಿಂತುಕೊಂಡೇ ತಿನ್ನುವ ಊಟವಿದು. 1983ರಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ರೂಬಿಯೋಸ್ ಎಂಬ ಅಂಗಡಿ ಇದನ್ನು ಮಾರತೊಡಗಿದ ಬಳಿಕ ಗಡಿಯ ಈಚೆಯೂ ಇದು ಜನಪ್ರಿಯವಾಯಿತು. ಮೆಕ್ಸಿಕೊ ಮೂಲದ ಲಕ್ಷಾಂತರ ಜನರು ನೆಲೆಸಿರುವ ಲಾಸ್ ಏಂಜಲೀಸಿನಲ್ಲಂತೂ ಇದನ್ನು ಮಾರುವ ಹೋಟೆಲುಗಳಿಗೂ ಕೈಗಾಡಿಗಳಿಗೂ ಲೆಕ್ಕವಿಲ್ಲ.

"ಮಾವ, ಇಲ್ಲಿಗೆ ಬಂದು ಮೀನು ಟಾಕೊ ತಿನ್ನದೆ ಹೋಗುವಂತಿಲ್ಲ" ಎಂದು ಅಳಿಯ ಮೊದಲು ಕರೆದೊಯ್ದದ್ದು ಕಡಲಿಗೆ ಎದುರಾಗಿರುವ ದೊಡ್ಡದೊಂದು ಹೋಟೆಲಿಗೆ. ಟಾಕೊ ಒಂದಕ್ಕೆ ಎಂಟು ಡಾಲರ್. ಕಿಟಕಿಯಾಚೆ ಪೆಸಿಫಿಕ್ ಮಹಾಸಾಗರ ಮೊರೆಯುತ್ತಿತ್ತು. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಅಭ್ಯಾಸಬಲದಿಂದ ಕೇಳಿದೆ: "ಇದು ಯಾವ ಮೀನು? ಇಲ್ಲಿಯದೇ?" ಬಡಿಸುವ ಹುಡುಗಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಬಿಳಿ ಮೀನು ಸರ್" ಎಂದಳು. ಎರಡನೆಯ ಹೋಟೆಲಿನಲ್ಲಿ ದೊರೆತ ಉತ್ತರ, ಹೆಪ್ಪುಗಟ್ಟಿಸಿ ಹಡಗಿನಲ್ಲಿ ತರಿಸಿದ ತಿಲಾಪಿಯಾ. ಅದು ಆಫ್ರಿಕದ ಮೂಲದ ಕೆರೆಮೀನು. ಕಡಲನ್ನು ಕಣ್ಣೆದುರು ತೋರಿಸುತ್ತ ದೂರದೇಶದ ಕೊಳದ ಮೀನನ್ನು ಬಡಿಸುವುದು ವಿಚಿತ್ರವೆನಿಸಿತು. ರುಚಿಯಲ್ಲಿ ದೋಷವೇನೂ ಇರಲಿಲ್ಲವೆನ್ನಬೇಕು. ಹಿಟ್ಟು, ಎಣ್ಣೆ, ಸಾಸು ಮತ್ತು ಖಾರ ಸೇರಿದರೆ ಯಾವ ಮೀನಾದರೂ ರುಚಿಯಾಗಿಯೇ ಇರುತ್ತದೆ. ಒಳಗಿರುವುದು ಏನೆಂಬುದನ್ನು ಮರೆಸುವ ಶಕ್ತಿ ಆ ಹೊದಿಕೆಗೆ ಇದೆ.

ಹೆಸರಿನ ಮೋಸ

ಈ ಮರೆವು ಬರಿಯ ಟಾಕೊಗೆ ಸೀಮಿತವಾದುದಲ್ಲ. ಓಷಿಯಾನಾ ಎಂಬ ಕಡಲ ಸಂರಕ್ಷಣಾ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದ ಅಂಗಡಿ ಹೋಟೆಲುಗಳಿಂದ 1,215 ಮೀನಿನ ಮಾದರಿಗಳನ್ನು ಸಂಗ್ರಹಿಸಿ ಅವುಗಳ ಡಿಎನ್‌ಎ ಪರೀಕ್ಷೆ ಮಾಡಿಸಿತು. ಮೂರನೆಯ ಒಂದು ಭಾಗ ಮೀನು, ಮಾರುವವರು ಹೇಳಿದ ಮೀನೇ ಆಗಿರಲಿಲ್ಲ. ಲಾಸ್ ಏಂಜಲೀಸಿನ ಸುಶಿ ಹೋಟೆಲುಗಳ ಬಗ್ಗೆ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಸರು ತಪ್ಪಿದ ಮೀನಿನ ಪ್ರಮಾಣ ಶೇ. 47. ಹೆಸರು ಬದಲಾದರೆ ಬೆಲೆ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವ ಕಡಲಿನಿಂದ, ಯಾವ ಬಲೆಯಿಂದ ಬಂದದ್ದೆಂಬ ಜಾಡೇ ಅಳಿಸಿಹೋಗುತ್ತದೆ.

ಹಾಗಾದರೆ ಊರಿನ ಕಡಲ ಮೀನೆಲ್ಲವೂ ಒಳ್ಳೆಯದೆಂದು ಹೇಳಬಹುದೇ? ಅದೂ ಆಗದು. ಅಲ್ಲಿನ ಕಡಲಕಟ್ಟೆಗಳ ಮೇಲೆ ಗಾಳ ಹಾಕುವವರಿಗಾಗಿ ಹಲವು ಭಾಷೆಗಳಲ್ಲಿ ಎಚ್ಚರಿಕೆಯ ಫಲಕಗಳನ್ನು ನೆಟ್ಟಿದ್ದಾರೆ. ಇಂತಿಂಥ ಮೀನುಗಳನ್ನು ತಿನ್ನಬೇಡಿ ಎಂಬ ಆ ಪಟ್ಟಿಯಲ್ಲಿ ಬಿಳಿ ಕ್ರೋಕರ್ ಎಂಬ ಮೀನು ಇದೆ. ಆ ನಗರದ ಸಮೀಪದಲ್ಲಿದ್ದ ಡಿಡಿಟಿ ಕಾರ್ಖಾನೆಯೊಂದರ ಕೊಳೆನೀರು 1970ರ ದಶಕದ ಆರಂಭದವರೆಗೂ ಚರಂಡಿಯ ಮೂಲಕ ಕಡಲು ಸೇರುತ್ತಿತ್ತು. ಕಾರ್ಖಾನೆ 1982ರಲ್ಲಿ ಮುಚ್ಚಿತು. ವಿಷ ಮಾತ್ರ ಕಡಲತಳದ ಕೆಸರಿನಲ್ಲಿ ಇಂದಿಗೂ ಉಳಿದಿದೆ. ತಳದಲ್ಲಿ ಮೇಯುವ ಮೀನಿನ ಕೊಬ್ಬಿನಲ್ಲಿ ಅದು ಸಂಗ್ರಹವಾಗುತ್ತದೆ. ಆ ಫಲಕದ ಕೆಳಗೆ ಕುಳಿತು ಗಾಳ ಹಾಕುತ್ತಿದ್ದವರಲ್ಲಿ ಬಹುಪಾಲು ಬಡವರೆಂದು ಅವರ ಉಡುಗೆಯಿಂದಲೇ ತಿಳಿಯುತ್ತಿತ್ತು.

ಬಲೆಯ ಕಥೆ

ಟಾಕೊದ ತವರಿನತ್ತ ನೋಡಿದರೆ ಇನ್ನೂ ಗಂಭೀರವಾದ ಸಂಗತಿ ಕಾಣುತ್ತದೆ. ಸಾನ್ ಫೆಲಿಪೆ ಇರುವುದು ಕ್ಯಾಲಿಫೋರ್ನಿಯಾ ಕೊಲ್ಲಿಯ ಮೇಲ್ತುದಿಯಲ್ಲಿ. ಆ ಕೊಲ್ಲಿಯ ಮೇಲ್ಭಾಗವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲದ ವಕೀಟಾ ಎಂಬ ಪುಟ್ಟ ಕಡಲಹಂದಿ ಅಲ್ಲಿದೆ. ಉದ್ದ ಸುಮಾರು ಒಂದೂವರೆ ಮೀಟರ್. ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಕಪ್ಪು ಬಳೆ. ವಿಜ್ಞಾನಿಗಳು ಇದನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿದ್ದೇ 1958ರಲ್ಲಿ. 1997ರ ಸಮೀಕ್ಷೆಯಲ್ಲಿ ಸುಮಾರು 570 ಇದ್ದವು. ಇತ್ತೀಚಿನ ವರ್ಷಗಳ ಸಮೀಕ್ಷೆಗಳಲ್ಲಿ ಉಳಿದಿರುವುದು ಹತ್ತರ ಆಸುಪಾಸು.

ವಕೀಟಾವನ್ನು ಯಾರೂ ಬೇಟೆಯಾಡಲಿಲ್ಲ. ಸಿಗಡಿಗಾಗಿ, ಬೇರೆ ಮೀನುಗಳಿಗಾಗಿ ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿದ ಕಣ್ಣಿನ ಬಲೆಗಳಿಗೆ ಸಿಕ್ಕಿ, ಉಸಿರಿಗಾಗಿ ಮೇಲೆ ಬರಲಾರದೆ ಅವು ಸತ್ತವು. ಟೊಟೊವಾಬಾ ಎಂಬ ದೊಡ್ಡ ಮೀನನ್ನು ಹಿಡಿಯುವುದನ್ನು ಮೆಕ್ಸಿಕೊ 1975ರಲ್ಲಿಯೇ ನಿಷೇಧಿಸಿದ್ದರೂ, ಅದರ ಗಾಳಿಚೀಲಕ್ಕೆ ಚೀನಾದಲ್ಲಿ ದೊರೆಯುವ ಬೆಲೆಯ ಆಸೆಯಿಂದ ಕಳ್ಳಬಲೆಗಳು ನಿಲ್ಲಲಿಲ್ಲ. 2017ರಲ್ಲಿ ಆ ಪ್ರದೇಶದಲ್ಲಿ ಬಹುತೇಕ ಕಣ್ಣಿನ ಬಲೆಗಳಿಗೆ ಶಾಶ್ವತ ನಿಷೇಧ ಬಂತು. 2018ರಲ್ಲಿ ಅಮೆರಿಕದ ನ್ಯಾಯಾಲಯವೊಂದು, ಅಲ್ಲಿ ಅಂಥ ಬಲೆಯಿಂದ ಹಿಡಿದ ಸಿಗಡಿ ಮತ್ತು ಕೆಲವು ಮೀನುಗಳ ಆಮದನ್ನು ತಡೆಯಿತು. ಸಾನ್ ಫೆಲಿಪೆಯ ಮೀನುಗಾರರ ಸಂಕಟವನ್ನೂ ಇಲ್ಲಿ ಹೇಳಬೇಕು. ಬಲೆಯನ್ನು ಕಸಿದುಕೊಂಡವರು ಅದರ ಬದಲಿಗೆ ಬದುಕುವ ದಾರಿಯನ್ನು ಸರಿಯಾಗಿ ಕೊಡಲಿಲ್ಲ ಎಂಬುದು ಅವರ ಅಳಲು. ಅಭಯಾರಣ್ಯದ ಅಂಚಿನಲ್ಲಿ ಬದುಕುವ ನಮಗೆ ಆ ಅಳಲು ಅರ್ಥವಾಗದ ಭಾಷೆಯೇನಲ್ಲ.

ತಟ್ಟೆಗೆ ಬಂದ ಟಾಕೊದ ಮೇಲೆ ಈ ಕಥೆಯ ಒಂದಕ್ಷರವೂ ಬರೆದಿರುವುದಿಲ್ಲ. ಆದುದರಿಂದಲೇ ನನ್ನ ಅಭಿಪ್ರಾಯದಲ್ಲಿ ಯಾವ ಮೀನು, ಯಾರು, ಯಾವ ಬಲೆಯಿಂದ ಹಿಡಿದರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಟಾಕೊ ಎಷ್ಟೇ ರುಚಿಯಾಗಿದ್ದರೂ ಅದನ್ನು ಒಳ್ಳೆಯ ಟಾಕೊ ಎನ್ನಲಾಗದು.

ಮರಳಿ ಬಂದ ಮೀನು

ಮೂರನೆಯ ಅಂಗಡಿಯಲ್ಲಿ ಉತ್ತರ ಸಿಕ್ಕಿತು. ಮಾರುಕಟ್ಟೆಯೊಂದರ ಮೂಲೆಯಲ್ಲಿದ್ದ ಸಣ್ಣ ಜಾಗ. ಒಲೆಯ ಮುಂದಿದ್ದ ಹೆಂಗಸು ಕೈಯಲ್ಲಿದ್ದ ಜಾಲರಿ ಸೌಟನ್ನು ಕೆಳಗಿಡದೆಯೇ, "ರಾಕ್‌ಫಿಶ್. ಸಾಂಟಾ ಬಾರ್ಬರಾ ಕಡೆಯದು. ನಿನ್ನೆ ಬಂದದ್ದು" ಎಂದರು. ಕ್ಯಾಲಿಫೋರ್ನಿಯಾದಲ್ಲಿ ಇದನ್ನೇ ಪೆಸಿಫಿಕ್ ಕೆಂಪು ಸ್ನ್ಯಾಪರ್ ಎಂಬ ಹೆಸರಿನಿಂದ ಮಾರಲು ಅಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ಆ ಹೆಂಗಸು ನಿಜವಾದ ಹೆಸರನ್ನೇ ಹೇಳಿದರು.

ಈ ರಾಕ್‌ಫಿಶ್‌ಗಳ ಇತಿಹಾಸ ವಿದ್ಯಾರ್ಥಿಗಳು ತಿಳಿಯಬೇಕಾದುದು. ಕಲ್ಲುಬಂಡೆಗಳ ನಡುವೆ ಬಾಳುವ ಇವು ನಿಧಾನವಾಗಿ ಬೆಳೆಯುತ್ತವೆ. ಕೆಲವು ಜಾತಿಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತವೆ. ಆಳದ ಬಲೆಗಳು ತಳವನ್ನು ಬಾಚತೊಡಗಿದ ಮೇಲೆ ಅವುಗಳ ಸಂತತಿ ಕುಸಿಯಿತು. 2000ದ ಜನವರಿಯಲ್ಲಿ ಅಮೆರಿಕದ ಸರ್ಕಾರ ಪಶ್ಚಿಮ ಕರಾವಳಿಯ ತಳಮೀನುಗಾರಿಕೆಯನ್ನು ವಿಪತ್ತಿಗೊಳಗಾದುದೆಂದು ಘೋಷಿಸಿತು. ಕಡಲಿನ ದೊಡ್ಡ ಪಟ್ಟಿಗಳನ್ನು ಮುಚ್ಚಲಾಯಿತು. 2003ರಲ್ಲಿ 91 ದೋಣಿಗಳನ್ನು ಪರಿಹಾರ ಕೊಟ್ಟು ಮೀನುಗಾರಿಕೆಯಿಂದ ಹೊರತರಲಾಯಿತು. 2011ರಿಂದ ಆಳಬಲೆಯ ದೋಣಿಗಳಿಗೆ ಇಂತಿಷ್ಟೇ ಮೀನೆಂಬ ಪಾಲು ನಿಗದಿಯಾಯಿತು; ಲೆಕ್ಕವಿಡಲು ವೀಕ್ಷಕರೂ ದೋಣಿಯೇರಿದರು. 2015ರಲ್ಲಿ ಕೆನರಿ ರಾಕ್‌ಫಿಶ್, 2017ರಲ್ಲಿ ಬೊಕಾಚಿಯೊ ಎಂಬ ಜಾತಿಗಳ ಸಂತತಿ ಚೇತರಿಸಿಕೊಂಡಿದೆಯೆಂದು ಪ್ರಕಟವಾಯಿತು. ಹಲವು ದಶಕಗಳು ಬೇಕಾದೀತೆಂದು ಲೆಕ್ಕಹಾಕಿದ್ದ ಕೆಲಸ ಅದಕ್ಕಿಂತ ಬೇಗನೆ ಆಯಿತು. ನನ್ನ ಟಾಕೊದೊಳಗಿದ್ದದ್ದು ಹೀಗೆ ಕಾದು ಉಳಿಸಿಕೊಂಡ ಮೀನು.

ಆ ಅಂಗಡಿಯ ರೊಟ್ಟಿಯೂ ಅಲ್ಲಿಯೇ ತಟ್ಟಿದ್ದು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು ರುಬ್ಬುವ ಕ್ರಮಕ್ಕೆ ನಿಕ್ಸ್ತಮಲೈಸೇಶನ್ ಎಂದು ಹೆಸರು. ಜೋಳದಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವ ಇದರಿಂದ ದೇಹಕ್ಕೆ ದಕ್ಕುತ್ತದೆ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಒಂದು ಕಾಡುಹುಲ್ಲಿನಿಂದ ಈ ಧಾನ್ಯವನ್ನು ರೂಪಿಸಿದವರು ಮೆಕ್ಸಿಕೊದ ಮೂಲನಿವಾಸಿ ರೈತರು. 1994ರ ಮುಕ್ತ ವ್ಯಾಪಾರ ಒಪ್ಪಂದದ ಬಳಿಕ ಅಮೆರಿಕದ ಅಗ್ಗದ ಜೋಳ ಅದೇ ದೇಶಕ್ಕೆ ಪ್ರವಾಹದಂತೆ ನುಗ್ಗಿತು. ಕುಲಾಂತರಿ ಜೋಳವನ್ನು ಬಿತ್ತುವುದನ್ನು ತಡೆಯಲು ಮೆಕ್ಸಿಕೊ 2025ರ ಮಾರ್ಚಿನಲ್ಲಿ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು. ಬೀಜ ಯಾರದೆಂಬ ಪ್ರಶ್ನೆಯೂ ಹೀಗೆ ಆ ಮಡಚಿದ ರೊಟ್ಟಿಯಲ್ಲಿ ಅಡಗಿದೆ.

ಕೇಳುವ ಶಕ್ತಿ ಯಾರಿಗಿದೆ?

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಅದು ಉಳ್ಳವರ ಉಪದೇಶವಾದೀತು. ಒಂದು ರಾತ್ರಿ ಮನೆಯ ಸಮೀಪದ ಬೀದಿಯಲ್ಲಿ ಕೈಗಾಡಿಯೊಂದರ ಮುಂದೆ ನಿಂತಿದ್ದೆವು. ಟಾಕೊ ಒಂದಕ್ಕೆ ಮೂರು ಡಾಲರ್. ಸುತ್ತ ನಿಂತವರು ಕಟ್ಟಡದ ಕೆಲಸ, ಮನೆಗೆಲಸ ಮುಗಿಸಿ ಬಂದವರು. ನಾನು ಯಾವ ಮೀನೆಂದು ಕೇಳಿದಾಗ ಮಾರುವ ಯುವಕ ನಕ್ಕು, "ಪೆಟ್ಟಿಗೆಯಲ್ಲಿ ಬರುವ ಮೀನು, ಯಜಮಾನರೇ" ಎಂದ. ಹಲವು ಊರುಗಳಲ್ಲಿ ಬೀದಿಯಲ್ಲಿ ಮಾರುವುದೇ ಅಪರಾಧವೆನಿಸಿದ್ದ ಆ ರಾಜ್ಯದಲ್ಲಿ 2018ರ ಕಾನೂನಿನಿಂದ ಇಂಥವರಿಗೆ ಉಸಿರಾಡಲು ಅವಕಾಶವಾಯಿತು. ಅಗ್ಗದ ಮೀನನ್ನು ಕೊಂಡದ್ದಕ್ಕಾಗಿ ಅವನನ್ನು ದೂರುವುದು ಯಾವ ನ್ಯಾಯ?

ಆದುದರಿಂದ ತಿನ್ನುವವನ ವಿವೇಕವೊಂದೇ ಸಾಲದೆಂಬುದು ನನ್ನ ನಿಲುವು. ರಾಕ್‌ಫಿಶ್ ಮರಳಿ ಬಂದದ್ದು ಹೋಟೆಲಿಗೆ ಹೋಗುವವರ ಸದಭಿರುಚಿಯಿಂದಲ್ಲ. ಬಲೆಗೆ ಮಿತಿ ಹಾಕಿ, ಲೆಕ್ಕವಿಟ್ಟು, ನಷ್ಟಕ್ಕೊಳಗಾದವರಿಗೆ ಅಷ್ಟಿಷ್ಟಾದರೂ ಪರಿಹಾರ ಕೊಟ್ಟ ಕಾನೂನಿನಿಂದ. ಕೇಳುವ ಶಕ್ತಿಯುಳ್ಳವರು ಕೇಳಬೇಕು. ಕೇಳಲಾಗದವರ ತಟ್ಟೆಗೂ ಒಳ್ಳೆಯದೇ ಬರುವಂತೆ ಕಾನೂನು ನೋಡಿಕೊಳ್ಳಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಕಡಲು ಬರಿದಾಗುತ್ತದೆ.

ಊರಿಗೆ ಮರಳಿದಾಗ ಮುಂಗಾರು ಹಿಡಿದಿತ್ತು. ಮೀನು ಹತ್ತುವ ಕಾಲ. ಹಳ್ಳಗಳಿಗೆ ಕೂಣಿ ಹಾಕಿದ್ದರು. ಮೊಟ್ಟೆ ತುಂಬಿದ ಮೀನು ಗದ್ದೆಯತ್ತ ಹತ್ತುವ ಹೊತ್ತಿಗೇ ನಾವು ಅವನ್ನು ಹಿಡಿಯುತ್ತೇವೆ. ಬೇಸಿಗೆಯ ಗುಂಡಿಗಳಿಗೆ ಕೆಲವರು ತೋಟೆ ಎಸೆಯುತ್ತಾರೆ, ಮೈಲುತುತ್ತ ಕದಡುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ರಜೆಯುಂಟು. ಹೊಳೆಗೆ ಅಂಥ ರಜೆಯನ್ನು ಊರಿನವರೇ ಕೊಡಬೇಕು. ಶೃಂಗೇರಿ, ಶಿಶಿಲ, ಚಿಬ್ಬಲಗುಡ್ಡೆಗಳಲ್ಲಿ ದೇವರ ಹೆಸರಿನಲ್ಲಿ ಹೊಳೆಯ ಒಂದೊಂದು ಮಡುವನ್ನು ಬಿಟ್ಟುಕೊಟ್ಟ ಹಿರಿಯರಿಗೆ ಈ ಲೆಕ್ಕ ತಿಳಿದಿತ್ತು.

ನಮ್ಮ ವಿದ್ಯಾರ್ಥಿ ಮಿತ್ರರು ಇದೇ ಮಳೆಗಾಲದಲ್ಲಿ ಒಂದು ಕೆಲಸ ಮಾಡಬಹುದು. ಪೇಟೆಯ ಹೋಟೆಲಿನಲ್ಲಿ ಮೀನೂಟಕ್ಕೆ ಕುಳಿತಾಗ ಇದು ಯಾವ ಮೀನು, ಎಲ್ಲಿಯದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಊರಿನ ಹಳ್ಳದಲ್ಲಿ ಅಜ್ಜ ಅಜ್ಜಿಯರು ಹೆಸರಿಸುವ ಮೀನುಗಳನ್ನೂ ಪಕ್ಕದಲ್ಲಿ ಬರೆಯಿರಿ. ಎರಡೂ ಪಟ್ಟಿಗಳನ್ನು ಮುಂದಿನ ಸಂಚಿಕೆಗೆ ಕಳುಹಿಸಿ. ಎರಡನೆಯ ಪಟ್ಟಿಯ ಎಷ್ಟು ಹೆಸರುಗಳು ಇನ್ನೂ ನೀರಿನಲ್ಲಿವೆ ಎಂಬುದನ್ನು ಎಲ್ಲರೂ ಸೇರಿ ಎಣಿಸೋಣ.